ಬೆಚ್ಚಗಿನ ಅಳತೆಗೂ ಅಷ್ಟೇ ಸಮಯ ಕೊಡಿ

ನಮ್ಮ ಗುಂಪಿಗೆ ಹೊಸದಾಗಿ ಸೇರಿದವರು ನ್ಯೂಟ್ರಾನ್ ಪ್ರಯೋಗದ (ಮಾದರಿಗೆ ನ್ಯೂಟ್ರಾನ್‌ಗಳನ್ನು ಹಾಯಿಸಿ ಅವು ಚದುರುವ ಬಗೆಯನ್ನು ಅಳೆಯುವ ಪ್ರಯೋಗ) ವೇಳಾಪಟ್ಟಿ ಬರೆದರೆ ಅದು ಸಾಮಾನ್ಯವಾಗಿ ಹೀಗಿರುತ್ತದೆ: 1.5 ಕೆಲ್ವಿನ್‌ನಲ್ಲಿ 8 ಗಂಟೆ, 20 ಕೆಲ್ವಿನ್‌ನಲ್ಲಿ 2 ಗಂಟೆ. ಕಾಂತೀಯ ಕ್ರಮ, ಅಂದರೆ ಪರಮಾಣುಗಳ ಪುಟ್ಟ ಕಾಂತಗಳು ಸಾಲುಗಟ್ಟುವುದು, ಮೂಡುವುದು ಕಡುಚಳಿಯಲ್ಲಿ, ಆದ್ದರಿಂದ ಸಮಯವೆಲ್ಲ ಅಲ್ಲಿಗೇ ಎಂಬ ಲೆಕ್ಕಾಚಾರ. ನಾನು ತಿದ್ದಿ ಎರಡಕ್ಕೂ ಐದೈದು ಗಂಟೆ ಹಾಕುತ್ತೇನೆ. (20 ಕೆಲ್ವಿನ್ ಎಂದರೆ ಸೊನ್ನೆ ಸೆಲ್ಸಿಯಸ್‌ಗಿಂತ 253 ಡಿಗ್ರಿ ಕೆಳಗೆ. ನಮ್ಮ ಕೆಲಸದಲ್ಲಿ ಅದೇ ಬೆಚ್ಚಗೆ.)

ನಾವು ನೋಡುವುದು ಎಂಒಎಫ್‌ಗಳನ್ನು: ಲೋಹದ ಅಯಾನುಗಳನ್ನು ಸಾವಯವ ಅಣುಗಳಿಂದ ಕೊಂಡಿ ಹಾಕಿದ ಚೌಕಟ್ಟುಗಳು. 2025ರ ರಸಾಯನಶಾಸ್ತ್ರ ನೊಬೆಲ್ ಬಂದದ್ದು ಇವುಗಳ ಕೆಲಸಕ್ಕೇ. ನ್ಯೂಟ್ರಾನ್‌ಗೆ ವಿದ್ಯುದಾವೇಶವಿಲ್ಲದಿದ್ದರೂ ಅದು ತಾನೇ ಒಂದು ಪುಟ್ಟ ಕಾಂತ. ಹಾಗಾಗಿ ಒಳಗಿನ ಸ್ಪಿನ್‌ಗಳು (ಲೋಹದ ಅಯಾನುಗಳ ಪುಟ್ಟ ಕಾಂತಗಳು) ಹೇಗೆ ಸಾಲುಗಟ್ಟಿವೆ ಎಂಬುದನ್ನು ತೋರಿಸಿಕೊಡುತ್ತದೆ. 1949ರಲ್ಲಿ ಭೌತವಿಜ್ಞಾನಿಗಳಾದ ಷಲ್ ಮತ್ತು ಸ್ಮಾರ್ಟ್ ಮ್ಯಾಂಗನೀಸ್ ಆಕ್ಸೈಡನ್ನು ತಣಿಸಿ ಹೊಸ ಶಿಖರಗಳನ್ನು (ನ್ಯೂಟ್ರಾನ್‌ಗಳು ದಟ್ಟವಾಗಿ ಚದುರುವ ಕೋನಗಳನ್ನು) ಕಂಡದ್ದು ಹೀಗೆಯೇ. ಆದರೆ ಆಕ್ಸೈಡಿನಲ್ಲಿ ಲೋಹ ಒತ್ತೊತ್ತಾಗಿರುತ್ತದೆ. ಎಂಒಎಫ್‌ನಲ್ಲಿ ಅದು ವಿರಳ, ಜೊತೆಗೆ ಹೈಡ್ರೋಜನ್ ಬೇರೆ. ಹೈಡ್ರೋಜನ್ ನ್ಯೂಟ್ರಾನ್‌ಗಳನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ: ಅದರ ಅಸಂಬದ್ಧ ಚದುರಿಕೆ (ರಚನೆಯ ಸುಳಿವು ಕೊಡದೆ ಬರೀ ಹಿನ್ನೆಲೆಯಾಗುವಂಥದ್ದು) ಸುಮಾರು 80 ಬಾರ್ನ್ (ಚದುರಿಕೆಯನ್ನು ಅಳೆಯುವ ಮಾನ), ಹೈಡ್ರೋಜನ್ನಿನ ಭಾರದ ರೂಪವಾದ ಡ್ಯುಟೀರಿಯಂನದು ಬರೀ 2. ಡ್ಯುಟೀರಿಯಂ ಹಾಕಿ ಮಾದರಿ ತಯಾರಿಸುವುದೇ ಉತ್ತಮ. ಎಲ್ಲ ಕೊಂಡಿಗಳಿಗೂ ಅದು ಸಾಧ್ಯವಾಗುವುದಿಲ್ಲ.

ಆಗ ಉಳಿಯುವ ದಾರಿ ಕಳೆಯುವ ಲೆಕ್ಕ: ತಣ್ಣಗಿನ ದತ್ತಾಂಶದಿಂದ ಬೆಚ್ಚಗಿನದನ್ನು ಕಳೆದರೆ ಹೈಡ್ರೋಜನ್ನಿನ ಹಿನ್ನೆಲೆ ಹೋಗಿ ಕಾಂತೀಯ ಭಾಗ ಉಳಿಯಬೇಕು. ಹಿನ್ನೆಲೆ ಹೋಗುತ್ತದೆ, ಅದರ ಎಣಿಕೆಯ ಆಕಸ್ಮಿಕ ಏರಿಳಿತ ಹೋಗುವುದಿಲ್ಲ. ಎರಡೂ ಅಳತೆಗಳ ದೋಷ ಕೂಡಿಕೊಳ್ಳುತ್ತದೆ, ಕಡಿಮೆ ಹೊತ್ತು ಅಳೆದದ್ದರ ದೋಷವೇ ಮೇಲುಗೈ ಪಡೆಯುತ್ತದೆ. ಅದೇ 10 ಗಂಟೆಯನ್ನು 8 ಮತ್ತು 2 ಎನ್ನುವ ಬದಲು ಸರಿಸಮ ಹಂಚಿದರೆ ವ್ಯತ್ಯಾಸದ ದೋಷ ಐದನೇ ಒಂದು ಪಾಲು ಇಳಿಯುತ್ತದೆ. ಬಿಡಿಗಾಸು ಖರ್ಚಿಲ್ಲದ ಲಾಭ ಇದು.

ಬೆಚ್ಚಗಿನ ಅಳತೆಗೆ ಯಾವ ತಾಪ ಎಂಬುದು ಇನ್ನೂ ಸೂಕ್ಷ್ಮ. ತೀರ ಮೇಲೆ ಹೋದರೆ ಸ್ಫಟಿಕ ಹಿಗ್ಗಿ ಶಿಖರಗಳು ಸರಿಯುತ್ತವೆ. ಕಳೆದಾಗ ಒಂದು ಪಕ್ಕ ಉಬ್ಬು, ಇನ್ನೊಂದು ಪಕ್ಕ ತಗ್ಗು ಉಳಿದು ಕಣ್ಣಿಗೆ ಮೋಸ ಮಾಡುತ್ತವೆ. ಕ್ರಮ ಮೂಡುವ ತಾಪಕ್ಕೆ ತೀರ ಹತ್ತಿರ ನಿಂತರೆ ನೆರೆಯ ಸ್ಪಿನ್‌ಗಳ ನಡುವಿನ ಹೊಂದಾಣಿಕೆ ಆಗಲೇ ಶುರುವಾಗಿರುತ್ತದೆ, ನೋಡಬೇಕಾದದ್ದನ್ನೇ ಕಳೆದುಬಿಡುತ್ತೇವೆ. ದೂರ ಹೋದರೂ ಕಾಂತೀಯ ಚದುರಿಕೆ ಮಾಯವಾಗುವುದಿಲ್ಲ, ಹರಡಿಕೊಳ್ಳುತ್ತದೆ ಅಷ್ಟೇ. ಅದಕ್ಕೇ ವ್ಯತ್ಯಾಸದ ರೇಖೆ ಸಣ್ಣ ಕೋನಗಳಲ್ಲಿ ಸೊನ್ನೆಗಿಂತ ಕೆಳಗಿಳಿದರೆ ಗಾಬರಿಪಡಬೇಕಿಲ್ಲ, ಅಲ್ಲಿಯೂ ಭೌತಶಾಸ್ತ್ರವಿದೆ.

ನಾನು ವಿದ್ಯಾರ್ಥಿಗಳ ಮುಂದಿಡುವ ಉದಾಹರಣೆ ಟೆರ್ಬಿಯಂ ಫಾರ್ಮೇಟ್ ಎಂಬ ಎಂಒಎಫ್. ಅದರ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನ 100 ಕೆಲ್ವಿನ್‌ನಿಂದ 1.6 ಕೆಲ್ವಿನ್‌ವರೆಗೆ ಅಳೆಯಿತು. 1.6ರಲ್ಲಿ ಕಾಣುವ ಶಿಖರಗಳು ಪೂರ್ಣ ಕ್ರಮದ ಶಿಖರಗಳಂತೆಯೇ ಇವೆ. ನಿಜದಲ್ಲಿ ಟೆರ್ಬಿಯಂ ಅಯಾನುಗಳ ಪ್ರತಿ ಸರಪಳಿಯೊಳಗೆ ಸ್ಪಿನ್‌ಗಳು ಒಂದೇ ದಿಕ್ಕಿಗಿವೆ, ಪಕ್ಕದ ಸರಪಳಿಗಳು ಮಾತ್ರ ತ್ರಿಕೋನ ಜಾಲದಲ್ಲಿ ಸಿಕ್ಕಿ ಪೂರ್ತಿ ಕ್ರಮಕ್ಕೆ ಬಂದಿಲ್ಲ. ಮಾಮೂಲಿ ವಿಧಾನದಿಂದ ಆ ಶಿಖರಗಳನ್ನು ಓದಿದರೆ ಭೌತಿಕವಾಗಿ ಅಸಾಧ್ಯವಾದ ಸ್ಪಿನ್ ರಚನೆ ಬರುತ್ತದೆ. ಒಂದೆರಡು ತಾಪಗಳನ್ನಷ್ಟೇ ನಂಬಿದರೆ ಇಂಥ ಮೋಸಕ್ಕೆ ಬೀಳಬಹುದು, ಅದಕ್ಕೇ ನಮ್ಮ ಪಟ್ಟಿಗಳಲ್ಲೂ ಈಗ 20 ಕೆಲ್ವಿನ್ ಒಂಟಿಯಾಗಿ ನಿಲ್ಲುವುದಿಲ್ಲ. ಅದರ ಮೇಲೆ, ಕೆಳಗೆ ಒಂದೆರಡು ತಾಪಗಳು ಸೇರಿಯೇ ಇರುತ್ತವೆ.