ದುರ್ಗದ ಹೊಂಡ, ಚಂದ್ರವಳ್ಳಿಯ ಗವಿ, ಮಣ್ಣಿನ ಗೋಡೆ

ಬಿಸಿನೀರಿನ ಬುಗ್ಗೆ ನೋಡಬೇಕು ಅಂದರೆ ಪುತ್ತೂರಿನ ಕಡೆ, ಇರ್ದೆಯ ಬೆಂದ್ರ್ ತೀರ್ಥಕ್ಕೆ ಹೋಗಬೇಕು. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ತಣ್ಣೀರಿಗೇ ಬರ. ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಂಥ ನೆಲದಲ್ಲಿ ಹಿಂದಿನವರು ಊರು ಕಟ್ಟಿದರು, ಕೋಟೆ ಕಟ್ಟಿದರು, ತಿಂಗಳುಗಟ್ಟಲೆ ಮುತ್ತಿಗೆ ತಡೆದರು. ನೀರು ಎಲ್ಲಿಂದ ತಂದರು? ಈ ಪ್ರಶ್ನೆ ಇಟ್ಟುಕೊಂಡೇ ಸೋದರಮಾವನ ಜೊತೆ ಹೊರಟೆ. ಮಾವನಿಗೆ ಹೊಲ ಇದೆ, ಬೋರ್‌ವೆಲ್ ಇದೆ, ಅದರ ಚಿಂತೆಯೂ ಇದೆ. ನೀರಿನ ವಿಷಯ ಅಂದರೆ ಊಟ ಬಿಟ್ಟು ಮಾತಾಡುವ ಮನುಷ್ಯ.

ದಾವಣಗೆರೆಯಿಂದ ಮೊದಲು ಸಂತೆಬೆನ್ನೂರಿಗೆ. ದಾರಿಯುದ್ದಕ್ಕೂ ಅಡಿಕೆ ತೋಟ, ಮೆಕ್ಕೆಜೋಳ. ಊರೊಳಗೆ ಹೋಗಿ ಗೇಟು ದಾಟಿದರೆ ಎದುರಿಗೇ ಪುಷ್ಕರಣಿ. ನಾಲ್ಕೂ ಕಡೆಯಿಂದ ಕಲ್ಲಿನ ಮೆಟ್ಟಿಲು ನೀರಿಗೆ ಇಳಿಯುತ್ತವೆ. ನಡುವೆ ವಸಂತ ಮಂಟಪ, ನೀರಿನೊಳಗಿಂದಲೇ ಅಂತಸ್ತು ಅಂತಸ್ತಾಗಿ ಎದ್ದು ನಿಂತಿದೆ. ಸುತ್ತ ದಿಕ್ಕಿಗೊಂದು ಚಿಕ್ಕ ಮಂಟಪ ಇದ್ದವು, ಕೆಲವು ಈಗ ಇಲ್ಲ. 16ನೇ ಶತಮಾನದಲ್ಲಿ ಇದನ್ನು ಕಟ್ಟಿಸಿದವನು ಇಲ್ಲಿನ ಪಾಳೆಯಗಾರ ಕೆಂಗ ಹನುಮಪ್ಪ ನಾಯಕ. ಪಕ್ಕದಲ್ಲೇ ದೊಡ್ಡ ಕಮಾನುಗಳ ಮುಸಾಫಿರ್‌ಖಾನೆ. ಅದು ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಕಾಲದ್ದು. ಒಬ್ಬರನ್ನೊಬ್ಬರು ಸೋಲಿಸಲು ಬಂದವರ ಕಟ್ಟಡಗಳು ಇವತ್ತು ಒಂದೇ ಕೊಳದ ದಡದಲ್ಲಿವೆ. ನಾನು ಕಮಾನುಗಳ ನೆರಳಲ್ಲಿ ಕೂತೆ. ಮಾವ ಮಾತ್ರ ಮೆಟ್ಟಿಲ ಮೇಲೆ ನೀರು ನಿಂತ ಗುರುತು ಹುಡುಕುತ್ತ ಸುತ್ತು ಹಾಕಿದರು.

ಅಲ್ಲಿಂದ ಸೂಳೆಕೆರೆ ದೂರವಿಲ್ಲ. ಶಾಂತಿಸಾಗರ ಅಂತಲೂ ಕರೆಯುತ್ತಾರೆ. ಏರಿಯ ಮೇಲೆ ನಿಂತರೆ ಆಚೆ ದಡ ಮಸುಕು ಮಸುಕು. ಚಿತ್ರದುರ್ಗದ ಕಡೆಯ ಎಷ್ಟೋ ಊರುಗಳಿಗೆ ಕುಡಿಯುವ ನೀರು ಇಲ್ಲಿಂದಲೇ ಹೋಗುತ್ತದೆ. ಗಾಳಿ ಜೋರಿತ್ತು. ಹೆಚ್ಚು ಹೊತ್ತು ನಿಲ್ಲಲಿಲ್ಲ.

ಚಿತ್ರದುರ್ಗದಲ್ಲಿ ರಾತ್ರಿ ತಂಗಿ, ಬೆಳಗ್ಗೆ ಬೇಗ ಕೋಟೆ ಹತ್ತಿದೆವು. ಬಿಸಿಲೇರಿದ ಮೇಲೆ ಆ ಬಂಡೆಗಳು ಕಾವಲಿಯಂತೆ ಕಾಯುತ್ತವೆ, ಬೇಗ ಹೋಗುವುದೇ ಒಳ್ಳೆಯದು. ಕೈಯಲ್ಲಿ ನೀರಿನ ಬಾಟಲಿ, ಕಾಲಿಗೆ ಹಿಡಿತ ಇರುವ ಚಪ್ಪಲಿ ಬೇಕೇ ಬೇಕು.

ಎಲ್ಲರೂ ಓಡುವುದು ಒನಕೆ ಓಬವ್ವನ ಕಿಂಡಿಗೆ. ನಾವೂ ಹೋದೆವು. ಕಹಳೆ ಮುದ್ದಹನುಮನ ಹೆಂಡತಿ ಒಬ್ಬಳೇ ನಿಂತು ಹೈದರಾಲಿಯ ಸೈನಿಕರನ್ನು ತಡೆದ ಜಾಗ. ಒಬ್ಬ ಮನುಷ್ಯ ಬಗ್ಗಿ ನುಸುಳುವಷ್ಟೇ ಸಂದು. ಅಲ್ಲಿ ನಿಂತರೆ ಮೈ ಜುಮ್ಮೆನ್ನುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳು ಆ ಹೊತ್ತಲ್ಲಿ ಅಲ್ಲಿಗೆ ಬಂದದ್ದು ಯಾಕೆ? ಗಂಡ ಊಟಕ್ಕೆ ಕೂತಿದ್ದ, ಕುಡಿಯಲು ನೀರು ತರಲು ಬಂದಳು ಅಂತ ನಮ್ಮೂರ ಕಡೆ ಮಕ್ಕಳಿಗೂ ಗೊತ್ತು. ಅಲ್ಲೂ ನೀರೇ, ಅಲ್ವಾ?

ಹೆಚ್ಚಿನವರು ಇಲ್ಲಿಂದಲೇ ಹಿಂದಿರುಗುತ್ತಾರೆ. ಅದು ನನಗೆ ಬೇಸರ. ಇನ್ನೂ ಮೇಲೆ ಹೋಗಬೇಕು. ಹಿಡಿಂಬೇಶ್ವರ, ಏಕನಾಥೇಶ್ವರಿ, ಸಂಪಿಗೆ ಸಿದ್ದೇಶ್ವರ ಗುಡಿಗಳನ್ನು ದಾಟಿ ಗೋಪಾಲಸ್ವಾಮಿ ಹೊಂಡದ ಹತ್ತಿರ ಬರಬೇಕು. ಸುತ್ತಲಿನ ಬಂಡೆಗಳ ಮೇಲೆ ಬಿದ್ದ ಮಳೆ ಒಂದು ಹನಿ ಇಂಗುವುದಿಲ್ಲ, ಜಾರಿ ಈ ಹೊಂಡಕ್ಕೆ ಬರುತ್ತದೆ. ಇದು ತುಂಬಿದರೆ ನೀರು ಕೆಳಗಿನ ಅಕ್ಕ-ತಂಗಿ ಹೊಂಡಕ್ಕೆ. ಅದೂ ತುಂಬಿದರೆ ಬೆಟ್ಟದ ಕೆಳಗಿನ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಊರೊಳಗಿನ ಸಂತೆಹೊಂಡಕ್ಕೆ. ಪಂಪಿಲ್ಲ, ಪೈಪಿಲ್ಲ. ಇಳಿಜಾರು ನೋಡಿಕೊಂಡು ಮಾಡಿದ ಕೆಲಸ. ಬೆಟ್ಟದ ಮೇಲಿನವರು ಕುಡಿದು ಮಿಕ್ಕಿದ್ದು ಊರಿನವರಿಗೆ ಸಿಗುತ್ತಿತ್ತು.

ಮಾವ ಹೊಂಡದ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ನೋಡವ್ವ, ನಾವು ಸಾವಿರ ಅಡಿ ತೂತು ಕೊರೆಸ್ತೀವಿ. ಇವರು ಬಂಡೆ ಮ್ಯಾಲಿಂದು ಬಿಡಲಿಲ್ಲ."

"ನಿಮ್ಮ ಹೊಲದಾಗೂ ಒಂದು ಕೃಷಿ ಹೊಂಡ ತೆಗೆಸ್ರಿ ಮಾವ."

"ತೆಗೆಸಬೇಕು. ಜಾಗ ಹೋಗ್ತದಂತ ನಿಮ್ಮತ್ತೆ ಒಪ್ಪವಲ್ಲಳು."

ಅಕ್ಕ-ತಂಗಿ ಹೊಂಡದ ಕಥೆ ದುಃಖದ್ದು. 1779ರಲ್ಲಿ ಕೋಟೆ ಹೈದರಾಲಿಗೆ ಸೋತಾಗ ಮದಕರಿ ನಾಯಕನ ಇಬ್ಬರು ರಾಣಿಯರು ಇಲ್ಲಿ ಬಿದ್ದು ಪ್ರಾಣ ಬಿಟ್ಟರು ಅಂತ ಜನ ಹೇಳುತ್ತಾರೆ. ನೀರಿನ ಹತ್ತಿರ ಬಂದಾಗ ದೊಡ್ಡವರು ದನಿ ತಗ್ಗಿಸಿ ಈ ಕಥೆ ಹೇಳುವುದನ್ನು ಕೇಳಿದೆ.

ಇನ್ನೊಂದು ನೋಡಲೇಬೇಕಾದ್ದು ಅರಮನೆಯ ಬಯಲು. ಕಲ್ಲಿನ ಕೋಟೆಯೊಳಗೆ ಮಣ್ಣಿನ ಮನೆಗಳು! ಅರಮನೆ, ಟಂಕಸಾಲೆ, ಕಚೇರಿ ಅಂತ ಗುರುತಿಸುವ ಕಟ್ಟಡಗಳ ಮಣ್ಣಿನ ಗೋಡೆಗಳು ಆಳೆತ್ತರ ಮೀರಿ ಇನ್ನೂ ನಿಂತಿವೆ. ಮಾಡು ಹೋಗಿ ಕಾಲವಾಯಿತು. ಮರ ಹೋಯಿತು, ಗಾರೆ ಉದುರಿತು. ಮಣ್ಣು ಉಳಿದಿದೆ. ಗೋಡೆ ಎಷ್ಟು ದಪ್ಪ ಅಂದರೆ ಅದರ ನೆರಳಿಗೆ ಹೋದ ಕೂಡಲೇ ಸೆಖೆ ಇಳಿಯಿತು. ನಮ್ಮಜ್ಜಿಯ ಮಾಳಿಗೆ ಮನೆಯೂ ಹೀಗೇ ಇತ್ತು. ಮಣ್ಣಿನ ಗೋಡೆ, ಮೇಲೆ ಮಣ್ಣು ಹಾಸಿದ ಮಾಳಿಗೆ, ಒಂದು ಬೆಳಕಿಂಡಿ, ಪಡಸಾಲೆಯ ಮೂಲೆಯಲ್ಲಿ ಕಾಳಿನ ಹಗೇವು. ಬೇಸಿಗೆಯಲ್ಲಿ ಫ್ಯಾನೇ ಬೇಕಿರಲಿಲ್ಲ. ಈ ಗೋಡೆಗಳ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಬಂಡೆ ತಡೆದುಕೊಳ್ಳಬಹುದು. ಮಣ್ಣು ಎಷ್ಟು ತಡೆದೀತು?

ಇಳಿದು ಊಟ ಮುಗಿಸಿ, ರಂಗಯ್ಯನ ಬಾಗಿಲಿನ ಮ್ಯೂಸಿಯಂ ಒಂದು ಸುತ್ತು ನೋಡಿ, ಚಂದ್ರವಳ್ಳಿಗೆ ಹೋದೆವು. ಕೋಟೆಯ ಹಿಂಬದಿಯಲ್ಲಿ ಬೆಟ್ಟಗಳ ನಡುವಿನ ಕಣಿವೆ ಅದು. ಕಣಿವೆಯಲ್ಲಿ ಕೆರೆ. ಹತ್ತಿರದ ಭೈರವೇಶ್ವರ ಗುಡಿಯ ಬಳಿ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ಪ್ರಾಕೃತದಲ್ಲಿ ಬರೆದದ್ದು, ಮೂರೇ ಸಾಲು. ಪಲ್ಲವರು, ಆಭೀರರು, ಪುನ್ನಾಟದವರು ಅಂತ ತಾನು ಗೆದ್ದವರ ಹೆಸರೆಲ್ಲ ಅದರಲ್ಲಿವೆ. ಆದರೆ ಆ ಶಾಸನ ಹಾಕಿಸಿದ್ದು ಕೆರೆ ಕಟ್ಟಿಸಿದ ನೆಪಕ್ಕೆ. ಕದಂಬ ರಾಜ್ಯ ಕಟ್ಟಿದ ರಾಜ ಈ ಕಣಿವೆಯಲ್ಲಿ ನೀರು ನಿಲ್ಲಿಸಿದ. ಅದನ್ನು ಓದಿ ಹೇಳಿದಾಗ ಮಾವ ಬಂಡೆಗೆ ಕೈಮುಗಿದರು.

ಈ ಕಣಿವೆಯಲ್ಲಿ ಅದಕ್ಕೂ ಮುಂಚೆ ಊರು ಇತ್ತು. ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಅಗೆದು ನೋಡಿದರು, 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದರು. ಶಾತವಾಹನರ ನಾಣ್ಯಗಳ ಜೊತೆ ರೋಮ್‌ನ ಬೆಳ್ಳಿ ನಾಣ್ಯಗಳೂ ಸಿಕ್ಕವು. ಇವತ್ತು ನಾವು ಒಣಭೂಮಿ ಅನ್ನುವ ಜಾಗಕ್ಕೆ ಅಷ್ಟು ದೂರದ ದುಡ್ಡು ಬಂದಿತ್ತು!

ಚಂದ್ರವಳ್ಳಿಯಲ್ಲೇ ಇರುವ ಅಂಕಲಿ ಮಠದ ಗವಿಗೆ ಗೈಡ್ ಇಲ್ಲದೆ ಇಳಿಯಬೇಡಿ. ಒಳಗೆ ಕಗ್ಗತ್ತಲು. ಟಾರ್ಚ್ ಹಿಡಿದು ಬಗ್ಗಿ ಬಗ್ಗಿ ಹೋದರೆ ಒಂದರೊಳಗೊಂದು ಕೋಣೆ. ಪೂಜೆಯ ಜಾಗ, ಮಲಗುವ ಜಾಗ, ಸ್ನಾನದ ಜಾಗ, ನೀರು ಹರಿದು ಹೋಗಲು ದಾರಿ. ಹೊರಗೆ ಬೆವರು ಸುರಿಯುತ್ತಿದ್ದ ನಮಗೆ ಒಳಗೆ ತಂಪೋ ತಂಪು. ಇಲ್ಲಿ ಬದುಕಿದವರಿಗೂ ಅದು ಸಂಸಾರದ ಮನೆಯಷ್ಟೇ ಅಚ್ಚುಕಟ್ಟಾದ ಮನೆಯೇ.

ಸಂಜೆ ಎಸ್. ನಿಜಲಿಂಗಪ್ಪನವರ ಮನೆಯನ್ನು ಹೊರಗಿನಿಂದ ನೋಡಿಕೊಂಡು ಬಂದೆವು. ಮುಖ್ಯಮಂತ್ರಿ ಆಗಿದ್ದವರು ವಕೀಲಿ ಮಾಡಿದ ಊರಲ್ಲೇ ಬಾಳಿ, 2000ದಲ್ಲಿ ಇಲ್ಲೇ ಕಣ್ಣು ಮುಚ್ಚಿದರು. ಅಷ್ಟು ದೊಡ್ಡವರ ಮನೆ ಬೀದಿಯ ಉಳಿದ ಮನೆಗಳ ಪಕ್ಕ ಸುಮ್ನೆ ಇದೆ. ಇದನ್ನು ಚೆನ್ನಾಗಿ ಉಳಿಸಬೇಕು. ಮಕ್ಕಳನ್ನು ಕೋಟೆಗೆ ಕರೆತರುವ ಮೇಷ್ಟ್ರುಗಳು ಇಲ್ಲಿಗೂ ಒಂದು ಸಲ ಕರೆತರಬೇಕು.

ಮರುದಿನ ಬಸ್ಸು ಹಿಡಿದು ಮೊಳಕಾಲ್ಮುರು ಕಡೆ, ಬ್ರಹ್ಮಗಿರಿಗೆ. ಚಳ್ಳಕೆರೆ ದಾಟಿದ ಮೇಲೆ ಶೇಂಗಾ ಹೊಲ, ಜಾಲಿ, ಕೆಂಪು ಬಂಡೆ. ಮರ ಕಡಿಮೆ. ಇಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನ ಇದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇದನ್ನು ಹೊರಜಗತ್ತಿಗೆ ತಿಳಿಸಿದರು. ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಅದೇ ಶಾಸನದ ಪ್ರತಿಗಳಿವೆ. ಆಗ ಈ ಊರಿನ ಹೆಸರು ಇಸಿಲ. ತಂದೆತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ನಿಜ ಹೇಳಿ, ಗುರುವಿಗೆ ಗೌರವ ಕೊಡಿ ಅಂತ ರಾಜ ಹೇಳಿ ಕಳಿಸಿದ್ದಾನೆ. ಕೊನೆಯಲ್ಲಿ ಬರೆದವನು ಚಪಡ ಅಂತ ತನ್ನ ಹೆಸರನ್ನೂ ಹಾಕಿಕೊಂಡಿದ್ದಾನೆ. ಲಿಪಿಕಾರ ಅನ್ನುವ ಮಾತನ್ನು ಬೇರೆ ಲಿಪಿಯಲ್ಲಿ, ವಾಯವ್ಯದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಆ ಕಡೆಯ ಅಕ್ಷರ ಕಲಿತ ಕೈ ಎಷ್ಟು ದೂರ ನಡೆದು ಈ ಬಂಡೆಯ ಹತ್ತಿರ ಬಂತೋ. ಈ ಇಡೀ ಪ್ರವಾಸದಲ್ಲಿ ನನ್ನ ಮನಸ್ಸು ಹೆಚ್ಚು ಹಿಡಿದದ್ದು ಇವನೇ.

ವಾಪಸ್ ಬರುವಾಗ ಮೊಳಕಾಲ್ಮುರಿನಲ್ಲಿ ಇಳಿದೆವು. ನೇಕಾರರ ಒಂದು ಮನೆಗೆ ಹೋದರೆ ಒಳಗೇ ಗುಂಡಿಮಗ್ಗ. ಮನೆಯೇ ಕಾರ್ಖಾನೆ, ಅಡುಗೆಯೂ ಅಲ್ಲೇ, ಮಕ್ಕಳ ಓದೂ ಅಲ್ಲೇ. ಮಗ್ಗದಲ್ಲಿದ್ದ ಅಮ್ಮ ಕೈ ನಿಲ್ಲಿಸದೆಯೇ "ಬರ್ರಿ, ಕೂಡ್ರಿ" ಅಂದರು. ಮೊದಲು ತಂಬಿಗೆಯಲ್ಲಿ ನೀರು ಬಂತು, ಆಮೇಲೆ ಸೀರೆಗಳು. ಮಾವ ಅತ್ತೆಗೆ ಅಂತ ಅಂಚಿನಲ್ಲಿ ನವಿಲಿದ್ದ ಹಸಿರು ಸೀರೆ ಆರಿಸಿದರು. ಕೃಷಿ ಹೊಂಡದ ಮಾತು ಮತ್ತೆ ಎತ್ತುವುದಕ್ಕೆ ಇದು ಸಹಾಯ ಮಾಡುತ್ತದೆ ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದರು.