ಒಂದು ಕೋಣೆ, ಒಂದು ಕೆಟ್ಟ ಪಿಯಾನೊ: ಈ ತಿಂಗಳ ಮೆಚ್ಚುಗೆಗಳು

ತಿಂಗಳ ಕೊನೆಗೆ ಏನು ಓದಿದೆ, ಏನು ನೋಡಿದೆ ಅಂತ ಬರೆದಿಡುವ ಅಭ್ಯಾಸ ನನಗಿದೆ. ಪಟ್ಟಿ ಯಾವಾಗಲೂ ಉದ್ದವೇ, ನೆನಪಿನಲ್ಲಿ ಉಳಿಯುವುದು ಮಾತ್ರ ಕಡಿಮೆ. ಈ ಸಲ ಒಂದು ಇನ್ನೊಂದನ್ನು ಎಳೆದುಕೊಂಡು ಬಂತು.

ಶುರುವಾದದ್ದು ನಿರ್ದೇಶಕ ಸಿಡ್ನಿ ಲುಮೆಟ್ 1995ರಲ್ಲಿ ಬರೆದ 'ಮೇಕಿಂಗ್ ಮೂವೀಸ್' ಪುಸ್ತಕದಿಂದ. ಕಲೆ, ದರ್ಶನ ಅಂತ ದೊಡ್ಡ ಮಾತಿಲ್ಲ. ರಿಹರ್ಸಲ್, ಲೆನ್ಸ್, ಎಡಿಟಿಂಗ್, ಬರೀ ಕೆಲಸದ ಮಾತು. ಓದುತ್ತಾ ಓದುತ್ತಾ ಅವರ ಮೊದಲ ಸಿನಿಮಾ '12 ಆಂಗ್ರಿ ಮೆನ್' (1957) ಮತ್ತೆ ನೋಡಬೇಕು ಅನಿಸಿತು.

ಕಥೆ ಗೊತ್ತಿರುವವರೇ ಜಾಸ್ತಿ. ಕೊಲೆ ಆರೋಪ ಹೊತ್ತ ಒಬ್ಬ ಹುಡುಗ, ಅವನು ತಪ್ಪಿತಸ್ಥನೋ ಅಲ್ಲವೋ ಅಂತ ನಿರ್ಧರಿಸಬೇಕಾದ ಹನ್ನೆರಡು ಸಾಮಾನ್ಯ ಜನರ ಜ್ಯೂರಿ. ಹನ್ನೊಂದು ಮಂದಿ ಅವನು ತಪ್ಪಿತಸ್ಥ ಅನ್ನುತ್ತಾರೆ, ಒಬ್ಬರು ಒಪ್ಪುವುದಿಲ್ಲ. ಒಂದೂವರೆ ಗಂಟೆ ಹೆಚ್ಚುಕಡಿಮೆ ಒಂದೇ ಕೋಣೆ. ಆದರೂ ಬೇಜಾರಾಗುವುದಿಲ್ಲ ಯಾಕೆ? ಗುಟ್ಟನ್ನು ಪುಸ್ತಕದಲ್ಲೇ ಬಿಚ್ಚಿಟ್ಟಿದ್ದಾರೆ. ಮೊದಲ ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ, ಆಮೇಲೆ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಕೊನೆಯಲ್ಲಿ ಅದಕ್ಕೂ ಕೆಳಗೆ. ಲೆನ್ಸ್‌ಗಳ ಫೋಕಲ್ ಲೆಂಗ್ತ್ (ಇದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಕೂಡ ಹೆಚ್ಚುತ್ತಾ ಹೋಗುತ್ತದೆ. ಹಾಗಾಗಿ ಗೋಡೆಗಳು ಹತ್ತಿರ ಬಂದಂತೆ, ಸೂರು ತಲೆ ಮೇಲೆ ಕೂತಂತೆ ಅನಿಸುತ್ತದೆ.

ಇದು ಗೊತ್ತಾದ ಮೇಲೆ ಕೊನೆಯ ಅರ್ಧ ಗಂಟೆಯನ್ನು ಸೌಂಡ್ ಬಂದ್ ಮಾಡಿ ನೋಡಿದೆ. ಮಾತು ಕೇಳದಿದ್ದರೂ ಉಸಿರು ಕಟ್ಟುತ್ತದೆ. ನ್ಯಾಯಾಲಯದ ಹೊರಗಿನ ಆ ಕೊನೆಯ ವಿಶಾಲ ಶಾಟ್ ಬಂದಾಗ ನಾನೂ ಸೋಫಾದಲ್ಲಿ ಸ್ವಲ್ಪ ಸಡಿಲವಾದೆ. ನನಗೆ ಇನ್ನೂ ಆಶ್ಚರ್ಯ ಬೇರೆಯದರ ಬಗ್ಗೆ. ದುಡ್ಡು ಉಳಿಸಲು ಒಂದು ಕುರ್ಚಿಗೆ ಲೈಟ್ ಹಾಕಿದರೆ, ಆ ಕುರ್ಚಿಯಲ್ಲಿ ನಡೆಯುವುದನ್ನೆಲ್ಲ ಒಟ್ಟಿಗೇ ಶೂಟ್ ಮಾಡುತ್ತಿದ್ದರಂತೆ. ಅಂದರೆ ಒಬ್ಬರು ಸಿಟ್ಟಿನಿಂದ ಕೂಗಿದ್ದು ಒಂದು ದಿನ, ಅದಕ್ಕೆ ಎದುರಿನವರ ಉತ್ತರ ಇನ್ನೊಂದು ದಿನ! ತೆರೆಯ ಮೇಲೆ ಒಂದು ಚೂರೂ ಗೊತ್ತಾಗುವುದಿಲ್ಲ. ಎರಡು ವಾರ ರಿಹರ್ಸಲ್ ಮಾಡಿದ್ದು ಸುಮ್ನೆ ಅಲ್ಲ.

ಇದನ್ನೆಲ್ಲ ಒಬ್ಬ ಗೆಳೆಯನ ತಲೆ ತಿನ್ನುತ್ತಿದ್ದಾಗ, "ಹಾಗಾದರೆ ಇದನ್ನು ಕೇಳು, ಇದೂ ಇಕ್ಕಟ್ಟಿನಲ್ಲೇ ಹುಟ್ಟಿದ್ದು" ಅಂತ ಅಮೆರಿಕದ ಜಾಝ್ ಪಿಯಾನೊ ವಾದಕ ಕೀತ್ ಜಾರೆಟ್ ಅವರ 'ಕೋಲ್ನ್ ಕನ್ಸರ್ಟ್' ಕಳಿಸಿದ. 1975ರ ಜನವರಿ 24ರ ರಾತ್ರಿ ಜರ್ಮನಿಯ ಕಲೋನ್ (ಜರ್ಮನ್‌ನಲ್ಲಿ ಕೋಲ್ನ್) ನಗರದ ಒಪೆರಾ ಹೌಸ್‌ನಲ್ಲಿ ನಡೆದ ಕಛೇರಿ. ಜಾರೆಟ್ ಬೇಕೆಂದಿದ್ದ ಪಿಯಾನೊ ಬಂದಿರಲಿಲ್ಲ. ಬಂದದ್ದು ಚಿಕ್ಕದು, ಕೆಳಗಿನ ಸ್ವರಗಳಲ್ಲಿ ಬಲವಿಲ್ಲ, ಮೇಲಿನವು ಕರ್ಕಶ. ಅದಕ್ಕೇ ಅವರು ಹೆಚ್ಚಾಗಿ ನಡುವಿನ ಸ್ವರಗಳಲ್ಲೇ ಓಡಾಡುತ್ತಾರೆ, ಎಡಗೈಯಲ್ಲಿ ಒಂದೇ ನಡೆಯನ್ನು ಮತ್ತೆ ಮತ್ತೆ ಬಾರಿಸುತ್ತಾರೆ. ಹೆಚ್ಚುಕಡಿಮೆ ಎಲ್ಲವೂ ಅಲ್ಲೇ ಹುಟ್ಟಿದ್ದು, ಮೊದಲೇ ಬರೆದದ್ದಲ್ಲ. ನುಡಿಸುತ್ತಾ ಅವರು ನರಳುವುದು, ಗುನುಗುವುದು ಕೇಳಿಸುತ್ತದೆ. ಮೊದಲ ಸಲ ಕಿರಿಕಿರಿ ಆಯಿತು. ಈಗ ಅದಿಲ್ಲದೆ ಸಪ್ಪೆ ಅನಿಸುತ್ತೇನೋ. ಮೊದಲ ಭಾಗವೇ ನನಗಿಷ್ಟ, ಎರಡನೆಯದು ಅಲ್ಲಲ್ಲಿ ಎಳೆದಾಡುತ್ತದೆ.

ವಿಡಿಯೊಗಳಲ್ಲಿ ಹೇಳಬೇಕಾದ್ದು ಒಂದೇ: ಅಮೆರಿಕದ ವಿನ್ಯಾಸಕಾರರಾದ ಈಮ್ಸ್ ದಂಪತಿಯ 'ಪವರ್ಸ್ ಆಫ್ ಟೆನ್' (1977). ಪಿಕ್‌ನಿಕ್‌ನಲ್ಲಿ ಮಲಗಿದವನಿಂದ ಕ್ಯಾಮೆರಾ ಹತ್ತತ್ತು ಪಟ್ಟು ದೂರ ಸರಿಯುತ್ತಾ ಗ್ಯಾಲಕ್ಸಿಗಳಾಚೆ ಹೋಗಿ, ವಾಪಸ್ ಬಂದು ಅವನ ಕೈಯೊಳಗಿನ ಪರಮಾಣುವಿಗೆ ಇಳಿಯುತ್ತದೆ. ಒಂಬತ್ತು ನಿಮಿಷ ಅಷ್ಟೇ. ಇತ್ತೀಚಿನ ಗ್ರಾಫಿಕ್ಸ್ ವಿಡಿಯೊಗಳಿಗಿಂತ ಇದೇ ಮೇಲು, ಅಬ್ಬರವಿಲ್ಲ ನೋಡಿ.

ಒಂದು ದಪ್ಪ ಕಾದಂಬರಿಯನ್ನು ಅರ್ಧಕ್ಕೇ ಬಿಟ್ಟೆ, ಅದರ ಮಾತು ಬೇಡ. ಮುಂದಿನ ತಿಂಗಳಿಗೆ ಲುಮೆಟ್ ಅವರದೇ 'ಡಾಗ್ ಡೇ ಆಫ್ಟರ್‌ನೂನ್' ಸಿನಿಮಾ ಎತ್ತಿಟ್ಟಿದ್ದೇನೆ. ಅದಕ್ಕೆ ಹಿನ್ನೆಲೆ ಸಂಗೀತವನ್ನೇ ಮಾಡಿಸಲಿಲ್ಲವಂತೆ.