ಚೆಸ್ಟರ್‌ನಲ್ಲಿ ಅಂಗಡಿಗೆ ಹೋಗಿ, ಮನೆ ನೋಡಿ ಬನ್ನಿ

ಇಂಗ್ಲೆಂಡಿನ ಚೆಸ್ಟರ್‌ಗೆ ಹೋದವರು ಸಾಮಾನ್ಯವಾಗಿ ಮೃಗಾಲಯ ನೋಡಿ, ಈಸ್ಟ್‌ಗೇಟ್ ಗಡಿಯಾರದ ಕೆಳಗೆ ಒಂದು ಫೋಟೊ ತೆಗೆಸಿಕೊಂಡು ಬರುತ್ತಾರೆ. ನನ್ನನ್ನು ಕೇಳಿದರೆ, ಅರ್ಧ ದಿನವನ್ನಾದರೂ ಪೇಟೆಯ ಹಳೆ ಮನೆಗಳಿಗೆ ಇಡಿ. ಒಂದು ಕಾಲದ ಸಿರಿವಂತರ ಮನೆಗಳಲ್ಲಿ ಈಗ ಅಂಗಡಿ, ಕೆಫೆಗಳಿವೆ. ಹಾಗಾಗಿ ಟಿಕೆಟ್ಟಿಲ್ಲದೆ ಒಳಗೇ ಹೋಗಬಹುದು.

ಲಂಡನ್ ಯೂಸ್ಟನ್‌ನಿಂದ ನೇರ ರೈಲಿಗೆ ಸುಮಾರು 2 ಗಂಟೆ, ಲಿವರ್‌ಪೂಲ್‌ನಿಂದ ಮುಕ್ಕಾಲು ಗಂಟೆ ಸಾಕು. ಸ್ಟೇಷನ್ನಿನಿಂದ ನಾಲ್ಕು ಬೀದಿ ಕೂಡುವ 'ದಿ ಕ್ರಾಸ್'ವರೆಗೆ ನಡೆದೇ ಹೋಗಬಹುದು.

ಅಲ್ಲಿ ನಿಂತರೆ ಒಂದರ ಮೇಲೊಂದು ಎರಡು ಸಾಲು ಅಂಗಡಿ ಕಾಣುತ್ತವೆ. ಇದೇ ಚೆಸ್ಟರ್ ರೋಸ್ (Rows, ಅಂದರೆ ಸಾಲುಗಳು). ಇದರ ಬೇರು 13ನೇ ಶತಮಾನದ್ದು. ಬೀದಿ ಮಟ್ಟದಲ್ಲಿ, ಕೆಲವು ಕಡೆ ಎರಡು ಮೆಟ್ಟಿಲು ಕೆಳಗೆ, ಕಲ್ಲಿನ ನೆಲಮಾಳಿಗೆ. ಅದರ ಮೇಲೆ ಬೀದಿಗೆ ತೆರೆದ ನಡೆದಾರಿ. ನಮ್ಮ ಜಗಲಿಯನ್ನು ಮೊದಲ ಮಹಡಿಗೆ ಏರಿಸಿ, ಅಕ್ಕಪಕ್ಕದ ಮನೆಗಳ ಜಗಲಿಗಳನ್ನೆಲ್ಲ ಒಂದಕ್ಕೊಂದು ಸೇರಿಸಿದ ಹಾಗೆ. ಅದರ ಹಿಂದೆ ಮನೆಯ ದೊಡ್ಡ ಹಾಲ್. ಮಲಗುವ ಕೋಣೆಗಳು ನಡೆದಾರಿಯ ಮೇಲೆಯೇ, ಕಂಬಗಳ ಮೇಲೆ ಚಾಚಿಕೊಂಡಿವೆ. ಯಾರದೋ ಮನೆಯ ನಡುವೆ ಊರವರೆಲ್ಲ ಓಡಾಡುವ ದಾರಿ! ಕಟಕಟೆಯ ಪಕ್ಕ ಇಳಿಜಾರಾದ ಮರದ ಹಲಗೆ ಕಂಡರೆ ಗಮನಿಸಿ. ಸಾಮಾನು ಹರಡಲು ಅದು ಬೇಕಿತ್ತು. ಓರೆಯಾಗಿರುವುದರಿಂದ ಕೆಳಗಿನ ಅಂಗಡಿಗೆ ಹೋಗುವವರ ತಲೆಗೂ ತಾಗುವುದಿಲ್ಲ.

ಸಮಯ ಕಡಿಮೆಯಿದ್ದರೆ ವಾಟರ್‌ಗೇಟ್ ಬೀದಿಗೆ ಮಾತ್ರ ಹೋಗಿ. ಅಲ್ಲಿನ ಬಿಷಪ್ ಲಾಯ್ಡ್ ಮನೆ ನನಗೆ ಎಲ್ಲಕ್ಕಿಂತ ಇಷ್ಟ. ಜಾರ್ಜ್ ಲಾಯ್ಡ್ 1605ರಿಂದ 1615ರವರೆಗೆ ಇಲ್ಲಿ ಬಿಷಪ್ ಆಗಿದ್ದವರು. ಮೊದಲು ಎದುರಿನ ಫುಟ್‌ಪಾತಿನಲ್ಲಿ ನಿಂತು ಮುಂಭಾಗ ನೋಡಿ. ಮರದ ಫಲಕಗಳಲ್ಲಿ ಬೈಬಲ್ ಕಥೆಗಳ ಕೆತ್ತನೆ ತುಂಬಿದೆ. ಮೂರು ಕಾಲಿನ ಲಾಂಛನ ಹುಡುಕಿ. ಅದು ಐಲ್ ಆಫ್ ಮ್ಯಾನ್ ದ್ವೀಪದ್ದು. ಚೆಸ್ಟರ್‌ಗೆ ಬರುವ ಮೊದಲು ಅವರು ಅಲ್ಲಿನ ಬಿಷಪ್. ಮೇಲಿನ ಕೋಣೆಗಳು ಎಲ್ಲ ದಿನವೂ ತೆರೆದಿರುವುದಿಲ್ಲ, ದಿನ ನೋಡಿಕೊಂಡು ಹೋಗಿ. ಇನ್ನೊಂದು ಸ್ವಾರಸ್ಯ: ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆಗಿದ್ದ, ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಎಲಿಹು ಯೇಲ್ ಈ ಬಿಷಪ್ಪರ ಮರಿಮಗ.

ಕಪ್ಪು ಬಿಳುಪಿನ ಮರದ ಪಟ್ಟಿ ಕಂಡದ್ದೆಲ್ಲ ಹಳೆಯದು ಅಂದುಕೊಳ್ಳಬೇಡಿ. ಕ್ರಾಸ್ ಮೂಲೆಯಲ್ಲಿ ಎಲ್ಲರೂ ಫೋಟೊ ತೆಗೆಯುವ ಕಟ್ಟಡ ಲಾಕ್‌ವುಡ್ ಎಂಬ ವಾಸ್ತುಶಿಲ್ಪಿ 1888ರಲ್ಲಿ ಕಟ್ಟಿದ್ದು. ಚೆನ್ನಾಗೇ ಇದೆ, ಆದರೆ ವಿಕ್ಟೋರಿಯಾ ಕಾಲದ್ದು. ನಿಜವಾದ ಹಳೆಯದು ಬೇಕಿದ್ದರೆ ಬ್ರಿಜ್ ಬೀದಿಯ 'ಥ್ರೀ ಓಲ್ಡ್ ಆರ್ಚಸ್' ನೋಡಿ. ಅಲ್ಲಿ ಮರವೇ ಇಲ್ಲ, ಕಲ್ಲಿನ ಮೂರು ಕಮಾನು ಅಷ್ಟೇ. ಹಾಗೇ ಇಳಿಯುತ್ತಾ ಹೋದರೆ ನಡೆದಾರಿ ಮಾಯವಾಗುತ್ತದೆ. 1643ರಲ್ಲಿ, ಅಂತರ್ಯುದ್ಧದ ನಡುವೆ, ಸರ್ ರಿಚರ್ಡ್ ಗ್ರೋವ್‌ನರ್ ತಮ್ಮ ಮನೆ ಮುಂದಿನ ಭಾಗ ಮುಚ್ಚಿಕೊಳ್ಳಲು ನಗರಸಭೆಯ ಅನುಮತಿ ಪಡೆದರು. ಅದನ್ನು ನೋಡಿ ಉಳಿದವರೂ ಮುಚ್ಚಿಕೊಂಡರು. ಒತ್ತುವರಿ ಎಲ್ಲ ಊರಲ್ಲೂ ಇದ್ದದ್ದೇ, ಅಲ್ವಾ? ಆ ಮನೆ ಈಗ ಫಾಲ್ಕನ್ ಎಂಬ ಪಬ್.

ಅಂಗಡಿಯೊಳಗೆ ಹೋದಾಗ ಸುಮ್ನೆ ಸಾಮಾನು ನೋಡಿ ಬರಬೇಡಿ. ಹಿಂಬದಿವರೆಗೆ ನಡೆದು ತಲೆಯೆತ್ತಿ ನೋಡಿ. ತೊಲೆ, ಒಲೆಗೂಡು, ಕಮಾನು ಸಿಗುವುದು ಅಲ್ಲೇ. ಫೋಟೊ ತೆಗೆಯುವ ಮೊದಲು ಅಂಗಡಿಯವರನ್ನು ಒಂದು ಮಾತು ಕೇಳಿ.

ಮೆಟ್ಟಿಲು ಜಾಸ್ತಿ, ನಡೆದಾರಿಯ ನೆಲವೂ ಏರಿಳಿತ. ಮಂಡಿನೋವಿನ ಹಿರಿಯರು, ಮಕ್ಕಳ ಗಾಡಿ ಇದ್ದರೆ ನಿಧಾನವಾಗಿ ಹೋಗಿ. ಮಳೆ ಬಂದರೆ ಚಿಂತೆಯಿಲ್ಲ, ತಲೆ ಮೇಲೆ ಸೂರಿದೆ. ಸಂಜೆ ಐದೂವರೆಯ ಹೊತ್ತಿಗೆ ಬಹಳಷ್ಟು ಅಂಗಡಿಗಳು ಬಾಗಿಲು ಹಾಕುತ್ತವೆ, ಭಾನುವಾರ ಇನ್ನೂ ಬೇಗ. ಬೆಳಗ್ಗೆಯೇ ಮನೆಗಳನ್ನು ಮುಗಿಸಿ. ಊರ ಸುತ್ತಿನ ಕೋಟೆಗೋಡೆಯ ಮೇಲಿನ 3 ಕಿಲೋಮೀಟರ್ ನಡಿಗೆಯನ್ನು ಸಂಜೆಗೆ ಇಟ್ಟುಕೊಳ್ಳಿ, ಅದಕ್ಕೆ ಬಾಗಿಲು ಹಾಕುವ ಹೊತ್ತಿನ ತಲೆಬಿಸಿ ಇಲ್ಲ.